ಹನ್ನೊಂದು ದಿನದ ಬ್ಯಾಟರಿ

ನಮ್ಮ ಮನೆಯಲ್ಲಿ ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಹೊದಿಕೆ ಇತ್ತು, ಟಿವಿಗೆ ಬಟ್ಟೆಯ ಹೊದಿಕೆ ಇತ್ತು, ಫ್ರಿಜ್ಜಿನ ಹಿಡಿಕೆಗೂ ಕಸೂತಿ ಹಾಕಿದ ಒಂದು ಅಂಗಿ ಇತ್ತು. ಅಪ್ಪ ಕೇಂದ್ರ ಸರ್ಕಾರದ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದರು. ರಾಯಚೂರಿನ ಕಡೆಯಿಂದ ಹೈದರಾಬಾದಿಗೆ ಬಂದು ಎಷ್ಟೋ ವರ್ಷವಾಗಿದ್ದರೂ, ಬೆಲೆಬಾಳುವ ವಸ್ತುವನ್ನು ಬರಿಮೈಯಲ್ಲಿ ಬಿಡಬಾರದು ಎಂಬ ಮನೆತನದ ನಂಬಿಕೆ ಸಡಿಲವಾಗಿರಲಿಲ್ಲ. ಸುದ್ದಿ ಮುಗಿದ ಮೇಲೆ ಅಪ್ಪ ರಿಮೋಟಿನ ಸೆಲ್ಲುಗಳನ್ನು ತೆಗೆದು ಪಕ್ಕಕ್ಕಿಡುತ್ತಿದ್ದರು. "ಸುಮ್ಮನ ಯಾಕ ತಿನ್ನಬೇಕು ಅದು?" ಎನ್ನುತ್ತಿದ್ದರು. ಸತ್ತ ಸೆಲ್ಲುಗಳನ್ನು ಬಾಲ್ಕನಿಯ ಕಟ್ಟೆಯ ಮೇಲೆ ಬಿಸಿಲಿಗೆ ಒಣಹಾಕಿ ಇನ್ನೊಂದು ವಾರ ದುಡಿಸುತ್ತಿದ್ದರು. ಇದನ್ನೆಲ್ಲ ನೋಡಿ ನಗುತ್ತಲೇ ಬೆಳೆದ ನಾನು ಎಂಜಿನಿಯರಿಂಗ್ ಓದಿ, ಇದನ್ನೇ ಸಂಬಳ ಪಡೆದು ಮಾಡುವ ಕೆಲಸಕ್ಕೆ ಸೇರಿದೆ.

ಮಾದಾಪುರದಲ್ಲಿ ಬಂಡೆ ಒಡೆದು ಗಾಜಿನ ಕಟ್ಟಡ ಏಳಿಸುತ್ತಿದ್ದ ಕಾಲ ಅದು. ಅಮೀರ್‌ಪೇಟ್‌ನಲ್ಲಿ ಮೂರು ತಿಂಗಳ ಸಾಫ್ಟ್‌ವೇರ್ ಕೋರ್ಸು ಮಾಡಿ ಆ ಗಾಜಿನೊಳಗೆ ಸೇರಿಕೋ ಎಂದು ಬಳಗದವರೆಲ್ಲ ಸಲಹೆ ಕೊಟ್ಟರು. ನಾನು ಸೇರಿದ್ದು ಗಾಜಿನ ಹಿಂದಿನ ಓಣಿಯಲ್ಲಿ, ಫರ್ನಿಚರ್ ಗೋದಾಮಿನ ಮೇಲಿದ್ದ ಆರು ಜನರ ಕಂಪನಿಗೆ. ತಾರ್ನಾಕದ ಮನೆಯಿಂದ ಎರಡು ಬಸ್ಸು ಬದಲಿಸಿ ಹೋಗಬೇಕಿತ್ತು. ಬಸ್ಸಿನಲ್ಲಿ ತೆಲುಗು, ಆಫೀಸಿನಲ್ಲಿ ಇಂಗ್ಲಿಷು, ಚಹಾದ ಬಂಡಿಯ ಹತ್ತಿರ ಹಿಂದಿ. ಕನ್ನಡಕ್ಕೆ ಮನೆ ತಲುಪುವವರೆಗೂ ರಜೆ.

ನಾವು ಮಾಡುತ್ತಿದ್ದದ್ದು ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿ. ಅಪಾರ್ಟ್‌ಮೆಂಟಿನ ನೆತ್ತಿಯ ನೀರಿನ ಟ್ಯಾಂಕಿನ ಮೇಲೆ ಅದನ್ನು ಕೂರಿಸಿದರೆ, ಒಳಗೆ ನೀರು ಎಷ್ಟಿದೆ ಎಂದು ನೋಡಿ, ತಂತಿಯಿಲ್ಲದೆ ಕೆಳಗಿನ ಇನ್ನೊಂದು ಡಬ್ಬಿಗೆ ಹೇಳುತ್ತಿತ್ತು. ಕೆಳಗಿನ ಡಬ್ಬಿ ಗೋಡೆಯ ಪ್ಲಗ್ಗಿಗೆ ಅಂಟಿಕೊಂಡು, ಮನೆಯ ಕರೆಂಟು ಕುಡಿಯುತ್ತಾ ಸುಖವಾಗಿರುತ್ತಿತ್ತು. ಮೇಲಿನದರ ಪಾಡು ಹಾಗಲ್ಲ. ಅದು ಎರಡು ಸಣ್ಣ ಸೆಲ್ಲುಗಳ ಮೇಲೆ ಒಂದು ವರ್ಷ ಬದುಕಬೇಕು. ಅದಕ್ಕಿರುವ ದಾರಿ ಒಂದೇ, ನಿದ್ದೆ. ಹತ್ತು ನಿಮಿಷಕ್ಕೊಮ್ಮೆ ಕಣ್ಣು ಬಿಟ್ಟು, ನೀರು ಅಳೆದು, ಕೆಳಗಿನದಕ್ಕೆ ಒಂದು ಮಾತು ಹೇಳಿ, "ಕೇಳಿಸಿತು" ಎಂಬ ಉತ್ತರ ಬಂದ ಕೂಡಲೇ ಮತ್ತೆ ಮಲಗಬೇಕು. ಅದಕ್ಕೆ ನಿದ್ದೆ ಕಲಿಸುವ ಪ್ರೋಗ್ರಾಂ ಬರೆಯುವುದು ನನ್ನ ಹೊಣೆ. "ನಮ್ಮಕಿ ಆಫೀಸಿನ್ಯಾಗ ಡಬ್ಬಿ ಮಲಗಸ್ತಾಳ" ಎಂದು ಅವ್ವ ಬೀಗರ ಮುಂದೆ ಹೇಳುತ್ತಿದ್ದಳು. ನನ್ನ ವೃತ್ತಿಯನ್ನು ಇದಕ್ಕಿಂತ ಸರಿಯಾಗಿ ಯಾರೂ ವಿವರಿಸಿಲ್ಲ.

ನಮ್ಮ ಕಂಪನಿಯ ಯಜಮಾನರು ಮಾತಿನಲ್ಲೂ ಕರೆಂಟು ಉಳಿಸುವವರು. ಒಂದು ದಿನ ಬಂದು, "ಪರೀಕ್ಷೆಗೆ ಒಂದು ಕಟ್ಟಡ ಬೇಕು" ಎಂದು ಹೇಳಿ ಹೋದರು. ತಾರ್ನಾಕದಲ್ಲಿ ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿ ಆರು ಮಹಡಿಯ ಒಂದು ಅಪಾರ್ಟ್‌ಮೆಂಟಿತ್ತು. ಅದರ ಸೆಕ್ರೆಟರಿ ಯೂನಿವರ್ಸಿಟಿಯಿಂದ ನಿವೃತ್ತರಾದ ಪ್ರೊಫೆಸರ್. ಅಪ್ಪನಿಗೆ ಬೆಳಗಿನ ವಾಕಿಂಗಿನ ಪರಿಚಯ. ಅವರು ಒಪ್ಪಿದರು. ಒಪ್ಪಲು ಅವರಿಗೊಂದು ಕಾರಣವಿತ್ತು, ಆ ಕಾರಣ ಗೇಟಿನ ಬಳಿ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿತ್ತು.

ಆಕೆಯನ್ನು ಕಟ್ಟಡದವರೆಲ್ಲ ವಾಚ್‌ಮನ್ನಮ್ಮ ಎಂದು ಕರೆಯುತ್ತಿದ್ದರು. ಐವತ್ತರ ಆಸುಪಾಸಿನ ಹೆಂಗಸು, ಯಾದಗಿರಿಯ ಕಡೆಯಾಕೆ. ಆ ಕಟ್ಟಡ ಏಳುವಾಗ ಗಾರೆ ಹೊರಲು ಬಂದವಳು, ಎದ್ದ ಮೇಲೆ ಅದನ್ನು ಕಾಯಲು ಅಲ್ಲೇ ಉಳಿದಳು. ಗಂಡ ಕಟ್ಟಡದಿಂದ ಕಟ್ಟಡಕ್ಕೆ ಹೋಗುವ ಗೌಂಡಿ, ಎರಡು ತಿಂಗಳಿಗೊಮ್ಮೆ ಬಂದು ಮುಖ ತೋರಿಸುತ್ತಿದ್ದ. ಮೆಟ್ಟಿಲ ಕೆಳಗಿನ ಕೋಣೆ ಆಕೆಯದು. ಅವಳ ಬದುಕಿನಲ್ಲಿ ಒಳಗಿನಿಂದ ಚಿಲಕವಿದ್ದ ಮೊದಲ ಕೋಣೆ ಅದೇ ಎಂದು ಆಮೇಲೊಮ್ಮೆ ಹೇಳಿದ್ದಳು. ದಿನಕ್ಕೆ ನಾಲ್ಕು ಸಲ ಮೇಲೆ ಹತ್ತಿ, ಟ್ಯಾಂಕಿನ ಮುಚ್ಚಳ ಸರಿಸಿ ನೀರು ನೋಡಿ, ಇಳಿದು ಮೋಟರ್ ಹಾಕುವುದು ಆಕೆಯ ಕೆಲಸದ ಮುಖ್ಯ ಭಾಗ. ಆರು ಮಹಡಿಗೆ ಲಿಫ್ಟಿತ್ತು. ಅದರಾಚೆ ಟ್ಯಾಂಕಿಗೆ ಗೋಡೆಗೆ ಹೊಡೆದ ಕಬ್ಬಿಣದ ಏಣಿ. ಆಕೆಯ ಮೊಣಕಾಲು ಆ ಏಣಿಗೆ ರಾಜೀನಾಮೆ ಕೊಟ್ಟು ಒಂದು ವರ್ಷವಾಗಿತ್ತು.

"ಆ ಟಾಕಿಗೆ ಮಾಲು ಹೊತ್ತಾಕಿನ ನಾನ್ರಿ. ಮೊಳಕಾಲು ಹೋಗಿದ್ದs ಅಲ್ಲಿ" ಎಂದಳು, ನಾನು ಕನ್ನಡದವಳೆಂದು ತಿಳಿದ ಮೊದಲ ಐದು ನಿಮಿಷದಲ್ಲಿ. ದೂರಿನಂತೆ ಹೇಳಲಿಲ್ಲ, ವಿಳಾಸ ಹೇಳಿದಂತೆ ಹೇಳಿದಳು.

ಸೆಕ್ರೆಟರಿ ಆಕೆಯ ಮುಂದೆಯೇ ತೆಲುಗಿನಲ್ಲಿ ನನಗೆ ಷರತ್ತು ತಿಳಿಸಿದರು. ಟ್ಯಾಂಕು ಹತ್ತಲಾಗದವರು ವಾಚ್‌ಮನ್ ಆಗಿರಲು ಸಾಧ್ಯವಿಲ್ಲ. ಹತ್ತುವ ಕಾಲುಗಳಿರುವ ಒಬ್ಬನನ್ನು ಮೆಹಬೂಬ್‌ನಗರದ ಕಡೆಯಿಂದ ನೋಡಿಟ್ಟಾಗಿದೆ. ನಿಮ್ಮ ಡಬ್ಬಿ ಮೂರು ತಿಂಗಳು ತೊಂದರೆ ಕೊಡದೆ ನಡೆದರೆ ಹತ್ತುವ ಅಗತ್ಯವೇ ಇರುವುದಿಲ್ಲ, ಆಗ ಈಕೆ ಇರಲಿ. ಇಲ್ಲವಾದರೆ ಕೋಣೆ ಖಾಲಿ ಮಾಡಬೇಕು. ಅವರು ಕೆಟ್ಟವರಲ್ಲ. ಒಂದು ಪ್ರಮೇಯವನ್ನು ಹಲಗೆಯ ಮೇಲೆ ಬರೆದಂತೆ ಹೇಳಿ ಕನ್ನಡಕ ಒರೆಸಿಕೊಂಡರು, ಅಷ್ಟೇ.

ಡಬ್ಬಿ ಕೂರಿಸಿ ಇಳಿದ ಮೇಲೆ ನಾನು ವಾಚ್‌ಮನ್ನಮ್ಮನಿಗೆ ಕನ್ನಡದಲ್ಲಿ ಒಂದು ಭಾಷಣ ಮಾಡಿದೆ. ಆ ಭಾಷಣ ಪೂರ್ತಿ ನೆನಪಿದೆ, ಮರೆಯುವ ಅವಕಾಶ ಸಿಗಲಿಲ್ಲ. "ಇದು ಭಾಳ ನಾಜೂಕ ಐತ್ರಿ. ಬಿಸಲು, ಮಳಿ, ಮಂಗ್ಯಾ, ಕಾಗಿ, ಎಲ್ಲಾ ಅಲ್ಲೇ ಅದಾವು. ಕೂಸಿನಂಗ ನೋಡ್ಕೋರಿ." ಅದಕ್ಕೆ ಬಿಸಿಲು ಮಳೆ ತಡೆಯುವ ಶಕ್ತಿ ಇತ್ತು, ಅದಕ್ಕೆಂದೇ ಒಂದು ವರ್ಷ ದುಡಿದಿದ್ದೆವು. ಆದರೂ ಹಾಗೆ ಹೇಳಿದೆ. ನಮ್ಮ ಮನೆಯ ಫ್ರಿಜ್ಜಿನ ಅಂಗಿ ನನ್ನ ಬಾಯಿಂದ ಮಾತಾಡಿತೆಂದು ಕಾಣುತ್ತದೆ.

ಹನ್ನೊಂದನೇ ದಿನ ಬ್ಯಾಟರಿ ಸತ್ತಿತು.

ಕೆಟ್ಟ ಸೆಲ್ಲು ಎಂದುಕೊಂಡು ಹೊಸವನ್ನು ಹಾಕಿದೆವು. ಅವು ಹನ್ನೆರಡು ದಿನ ಬದುಕಿದವು. ಮೂರನೆಯ ಜೋಡಿ ಮತ್ತೆ ಹನ್ನೊಂದು. ಪ್ರತಿ ಸಲ ಡಬ್ಬಿ ಸತ್ತಾಗಲೂ, ನಾವು ಮಾದಾಪುರದಿಂದ ಬರುವ ತನಕ, ವಾಚ್‌ಮನ್ನಮ್ಮ ಏಣಿ ಹಿಡಿದು ಒಂದೊಂದೇ ಮೆಟ್ಟಿಲಿಗೆ ದೇವರನ್ನು ನೆನೆಯುತ್ತಾ ಹತ್ತಿ ನೀರು ನೋಡುತ್ತಿದ್ದಳು. ಸೆಕ್ರೆಟರಿ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದು ಸೊನ್ನೆ ಸುತ್ತುತ್ತಿದ್ದರು. ಅವರೂ ಅವಳೂ ಒಂದೇ ಕ್ಯಾಲೆಂಡರನ್ನು ನೋಡುತ್ತಿದ್ದರು.

ಆಫೀಸಿನಲ್ಲಿ ನಾವು ಕರೆಂಟು ಉಳಿಸುವ ವ್ರತ ಹಿಡಿದೆವು. ಡಬ್ಬಿ ಜೀವಂತವಾಗಿದೆ ಎಂದು ತೋರಿಸಲು ಅದರಲ್ಲೊಂದು ಹಸಿರು ದೀಪ ಮಿಟುಕುತ್ತಿತ್ತು. ಯಜಮಾನರು ಒಂದು ಕ್ಷಣ ನೋಡಿ, "ದೀಪ ತೆಗಿ" ಎಂದರು. ಯಾರೂ ಹತ್ತದ ಟ್ಯಾಂಕಿನ ಮೇಲೆ ಯಾರಿಗೂ ಕಾಣದ ದೀಪವನ್ನು ಆರು ಜನ ಎಂಜಿನಿಯರುಗಳು ಸೇರಿ ಇಟ್ಟಿದ್ದೆವು. ತೆಗೆದೆ. ಹತ್ತು ನಿಮಿಷದ ನಿದ್ದೆಯನ್ನು ಹದಿನೈದಕ್ಕೆ ಏರಿಸಿದೆ. ಮಲಗಿದಾಗ ಯಾವ ಭಾಗ ಕದ್ದು ಎಚ್ಚರವಿರುತ್ತದೆ ಎಂದು ಮೀಟರು ಹಿಡಿದು ಒಂದು ವಾರ ಕಾದೆ. ನನ್ನ ಮೇಜಿನ ಮೇಲಿದ್ದ ಡಬ್ಬಿ ಆದರ್ಶ ಶಿಶುವಿನಂತೆ ಮಲಗುತ್ತಿತ್ತು, ಎರಡು ವರ್ಷ ಬಾಳುವ ಲಕ್ಷಣ ತೋರಿಸುತ್ತಿತ್ತು. ತಾರ್ನಾಕದ ಡಬ್ಬಿ ಮಾತ್ರ ಹನ್ನೊಂದನೇ ದಿನಕ್ಕೆ ಕಣ್ಣು ಮುಚ್ಚುತ್ತಿತ್ತು.

ನಾವು ಹೋಗಿ ನೋಡಿದಾಗಲೆಲ್ಲ ಅಲ್ಲಿ ಏನೂ ತಪ್ಪಿರಲಿಲ್ಲ. ಸೆಕ್ರೆಟರಿಗೆ ಮೊದಲು ಫೋನು ಮಾಡಿ, ಅವರು ವಾಚ್‌ಮನ್ನಮ್ಮನಿಗೆ ತಿಳಿಸಿ, ಆಮೇಲೆ ನಾವು ಹತ್ತುವುದು ಪದ್ಧತಿ. ಡಬ್ಬಿ ಅಂಗಡಿಯಿಂದ ತಂದಂತೆ ಫಳಫಳ ಹೊಳೆಯುತ್ತಿತ್ತು. ಹೈದರಾಬಾದಿನ ಬೇಸಿಗೆಯಲ್ಲಿ ಹನ್ನೊಂದು ದಿನ ಬಯಲಲ್ಲಿದ್ದ ವಸ್ತುವಿನ ಮೇಲೆ ಒಂದು ಚಿಟಿಕೆ ಧೂಳಿಲ್ಲ, ಒಂದು ಕಾಗೆಯ ಗುರುತಿಲ್ಲ. ಅದನ್ನು ನಾನು ವಾಚ್‌ಮನ್ನಮ್ಮನ ಶಿಸ್ತಿನ ಲೆಕ್ಕಕ್ಕೆ ಹಾಕಿ ಮೆಚ್ಚಿಕೊಂಡೆ. ಎಂಜಿನಿಯರಿಗೆ ಅನುಮಾನ ಬರಬೇಕಾದ ಜಾಗದಲ್ಲಿ ನನಗೆ ಸಂತೋಷವಾಯಿತು.

ಎರಡನೆಯ ತಿಂಗಳ ಕೊನೆಗೆ ಸೆಕ್ರೆಟರಿ ಫೋನಿನಲ್ಲಿ, "ಮೆಹಬೂಬ್‌ನಗರದವನಿಗೆ ಬರಲು ಹೇಳಲೇ?" ಎಂದು ಸೌಜನ್ಯದಿಂದ ಕೇಳಿದರು. ಇನ್ನು ಮೂರು ವಾರ ಕೊಡಿ ಎಂದೆ.

ಆಗ ನಾನು ಡಬ್ಬಿಗೆ ಇನ್ನೊಂದು ಕೆಲಸ ಹೇಳಿಕೊಟ್ಟೆ. ಪ್ರತಿ ಮಾತಿಗೆ ಎಷ್ಟು ಸಲ ಕೂಗಬೇಕಾಯಿತು ಎಂದು ಎಣಿಸಿಟ್ಟುಕೊಳ್ಳುವುದು. ಇಲ್ಲಿ ನನ್ನ ಒಂದು ಜಾಣತನ ಹೇಳಲೇಬೇಕು. ಕೆಳಗಿನಿಂದ ಉತ್ತರ ಬರದಿದ್ದರೆ ಮತ್ತೆ ಕೂಗು, ಇನ್ನೂ ಜೋರಾಗಿ ಕೂಗು, ಉತ್ತರ ಬರುವ ತನಕ ಬಿಡಬೇಡ ಎಂದು ನಾನೇ ಬರೆದಿದ್ದೆ. ಒಂದು ಮಾತೂ ತಪ್ಪಿಹೋಗಬಾರದೆಂಬ ಹಟ. ಕೂಗುವುದರಲ್ಲೇ ಬ್ಯಾಟರಿ ಹೆಚ್ಚು ಕರಗುವುದು. ಹನ್ನೊಂದು ದಿನವಾದ ಮೇಲೆ ಎಣಿಕೆ ತಂದು ನೋಡಿದೆ. ಡಬ್ಬಿ ಒಂದೊಂದು ಮಾತಿಗೂ ನಲವತ್ತು, ಐವತ್ತು ಸಲ ಗಂಟಲು ಹರಿದುಕೊಂಡಿತ್ತು. ಕೊನೆಗೊಮ್ಮೆ ಕೆಳಗೆ ಕೇಳಿಸುತ್ತಿದ್ದದ್ದರಿಂದ ನೀರಿನ ಮಟ್ಟ ಸರಿಯಾಗಿಯೇ ಕಾಣುತ್ತಿತ್ತು, ಯಾರಿಗೂ ಸುಳಿವು ಸಿಕ್ಕಿರಲಿಲ್ಲ. ನಡುವೆ ಒಂದು ದಿನ ನಾವು ನೋಡಲು ಹೋಗಿದ್ದೆವು. ಆ ದಿನ ನಾವು ತಲುಪುವುದಕ್ಕೆ ಅರ್ಧ ಗಂಟೆ ಮೊದಲಿನಿಂದ, ಒಂದೇ ಕೂಗಿಗೆ ಉತ್ತರ.

"ನಾವು ಬರೋದು ಅದಕ್ಕೆ ಗೊತ್ತಾಗುತ್ತೆ ಸರ್" ಎಂದೆ ಯಜಮಾನರಿಗೆ.

ಅವರು ಯೋಚಿಸಿ, "ಯಾರು ಹೇಳ್ತಾರೆ?" ಎಂದರು.

ಉತ್ತರ ಆ ಭಾನುವಾರ ನಮ್ಮ ಮನೆಯಲ್ಲೇ ಸಿಕ್ಕಿತು. ಅಪ್ಪನ ಕಾರ್ಖಾನೆಯ ಹಳೆಯ ಗೆಳೆಯರೊಬ್ಬರು ಫೋನು ಮಾಡಿ ಹೆಂಡತಿಯೊಡನೆ ಬರುತ್ತೇವೆ ಎಂದರು. ಅವ್ವ ಎದ್ದು ನಿಂತಳು. ಟಿವಿಯ ಮಾಸಿದ ಹೊದಿಕೆ ಕಿತ್ತು ಮಂಚದ ಕೆಳಗೆ ತುರುಕಿದಳು, ಫ್ರಿಜ್ಜಿನ ಅಂಗಿ ಬಿಚ್ಚಿದಳು, ರಿಮೋಟಿನ ಪ್ಲಾಸ್ಟಿಕ್ಕನ್ನೂ ಸುಲಿದಳು. ವರ್ಷವಿಡೀ ಮುಚ್ಚಿಟ್ಟದ್ದೆಲ್ಲ ಅರ್ಧ ಗಂಟೆಯಲ್ಲಿ ಬರಿಮೈಯಾಗಿ ಹೊಳೆಯಿತು. "ಅವರು ಹೋದ ಮ್ಯಾಲ ಮತ್ತ ಹಾಕಿದರಾತು" ಎಂದಳು. ನಾನು ಚಪ್ಪಲಿ ಹಾಕಿಕೊಂಡೆ. "ಮಂದಿ ಬರೂ ಹೊತ್ತಿಗೆ ಎಲ್ಲಿಗೆ ಹೊಂಟಿ?" ಎಂದು ಅವ್ವ ಕೂಗುತ್ತಲೇ ಇದ್ದಳು.

ಯಾರಿಗೂ ಫೋನು ಮಾಡದೆ ಹೋದೆ. ಗೇಟಿನಲ್ಲಿ ನನ್ನನ್ನು ಕಂಡ ವಾಚ್‌ಮನ್ನಮ್ಮ ಸ್ಟೂಲಿನಿಂದ ಗಡಬಡಿಸಿ ಎದ್ದಳು. "ಬರ್ರಿ ಅಕ್ಕಾರ, ಕುಂದರ್ರಿ, ಚಾ ಮಾಡತೀನಿ" ಎಂದಳು. ಮೇಲೆ ಹೋಗಿ ಬರ್ತೀನಿ ಎಂದೆ. "ಹೌ ಹೌ, ಹೋಗೂಣಂತ. ಮೊದಲ ಚಾ ಕುಡೀರಿ, ನಾನು ಒಂದೀಟು ಮ್ಯಾಲ ಕಸಾ ಹೊಡದು ಬರತೀನಿ" ಎಂದು, ಮೊಣಕಾಲು ಹಿಡಿದುಕೊಂಡೇ ಲಿಫ್ಟಿನ ಕಡೆ ನಡೆದಳು. ನಾನೂ ಜೊತೆಗೆ ಲಿಫ್ಟು ಹತ್ತಿದೆ. ಆರು ಮಹಡಿ ನಾವಿಬ್ಬರೂ ಬಾಗಿಲಿನ ಮೇಲಿನ ಅಂಕಿಗಳನ್ನು ನೋಡುತ್ತಾ ಏರಿದೆವು.

ಏಣಿ ಹತ್ತಿ ನೋಡಿದರೆ ಟ್ಯಾಂಕಿನ ಮೇಲೆ ಡಬ್ಬಿ ಇರಲಿಲ್ಲ. ಅದರ ಜಾಗದಲ್ಲಿ ಒಂದು ಜರ್ಮನ್ ಬೋಗಾಣಿ ಬೋರಲು ಬಿದ್ದಿತ್ತು. ಅಲ್ಯೂಮಿನಿಯಂಗೆ ನಮ್ಮ ಕಡೆ ಜರ್ಮನ್ ಅನ್ನುತ್ತಾರೆ. ತಳ ಸುಟ್ಟು ಕರ್ರಗಾದ, ಅಂಚು ನಜ್ಜುಗುಜ್ಜಾದ, ಹತ್ತು ಜನರಿಗೆ ಅನ್ನ ಮಾಡಬಹುದಾದ ಬೋಗಾಣಿ. ಗಾಳಿಗೆ ಹಾರದಿರಲಿ ಎಂದು ಮೇಲೊಂದು ಇಟ್ಟಿಗೆ. ಎತ್ತಿ ನೋಡಿದೆ. ಒಳಗೆ ನಮ್ಮ ಡಬ್ಬಿ, ಮಡಿಸಿದ ಹಳೆಯ ಕುಬಸದ ಮೇಲೆ ಕೂತು, ಫಳಫಳ ಹೊಳೆಯುತ್ತಿತ್ತು. ಲೋಹದ ಗೋಡೆಯೊಳಗಿಂದ ಆರು ಮಹಡಿ ಕೆಳಗಿನವರನ್ನು ಕೂಗುತ್ತಿತ್ತು.

ಕೆಳಗೆ ಏಣಿಯ ಬುಡದಲ್ಲಿ ಆಕೆ ತಲೆಯೆತ್ತಿ ನಿಂತಿದ್ದಳು.

"ನೀವs ಹೇಳಿದ್ರೆಲ್ರಿ, ಬಿಸಲು, ಮಂಗ್ಯಾ ಅಂತ. ನನ್ನ ಕೋಲಿ ಉಳಿಯೂದು ಅದರ ಮ್ಯಾಲ ಐತಿ. ಬಯಲಿನ್ಯಾಗ ಹ್ಯಾಂಗ ಬಿಡ್ಲಿ?"

"ನಾವು ಬಂದಾಗ ಯಾಕ ತಗೀತಿದ್ರಿ?"

ಆಕೆಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಕರ್ರಗಾಗೇತಲ್ರಿ ಬೋಗಾಣಿ. ದೊಡ್ಡ ಮಂದಿ ನೋಡಾಕ ಬರೂ ಮುಂದ ಅದನ್ನ ಹಂಗs ಇಡಾಕ ಆಗತೈತೇನು?"

ಅಂದರೆ ನಾವು ಫೋನು ಮಾಡಿದಾಗಲೆಲ್ಲ ಈಕೆ ಆ ಮೊಣಕಾಲಿನಲ್ಲಿ ಏಣಿ ಹತ್ತಿ ಬೋಗಾಣಿ ಇಳಿಸಿದ್ದಾಳೆ, ಡಬ್ಬಿ ಒರೆಸಿದ್ದಾಳೆ, ನಾವು ಹೋದ ಮೇಲೆ ಮತ್ತೆ ಹತ್ತಿ ಮುಚ್ಚಿದ್ದಾಳೆ. ಏಣಿ ಹತ್ತುವುದನ್ನು ತಪ್ಪಿಸಲು ನಾವು ತಂದ ಯಂತ್ರಕ್ಕಾಗಿ. ನನಗೆ ನಾಚಿಕೆಯಾಯಿತು. ಜೊತೆಗೆ ಸಿಟ್ಟೂ ಬಂತು, ಆದರೆ ಅದನ್ನು ಯಾರ ಮೇಲೆ ಇಳಿಸಬೇಕೆಂದು ಸುತ್ತ ಹುಡುಕಿದರೆ ಅಲ್ಲಿದ್ದವಳು ನಾನೊಬ್ಬಳೇ.

ಇಳಿದು ಬಂದು ಮೆಟ್ಟಿಲ ಮೇಲೆ ಕೂತು ವಿವರಿಸಿದೆ. ಬೋಗಾಣಿಯ ಒಳಗಿಂದ ಅದರ ಮಾತು ಹೊರಗೆ ಬರುವುದಿಲ್ಲ, ಅದಕ್ಕೇ ಮತ್ತೆ ಮತ್ತೆ ಕೂಗುತ್ತದೆ, ಕೂಗಿ ಕೂಗಿ ಸಾಯುತ್ತದೆ ಎಂದೆ.

"ಕೊಡದಾಗ ಬಾಯಿಟ್ಟು ಒದರಿದಂಗ?"

"ಹಂಗs."

"ಹಂಗಾರ ನಾನs ಕೊಂದೆ ಅದನ್ನ" ಎಂದಳು. ಆಮೇಲೆ, ಧ್ವನಿ ತಗ್ಗಿಸಿ, "ಸೆಕ್ರೆಟರಿ ಸಾಬ್ರಿಗೆ ಹೇಳತೀರೇನ್ರಿ?"

ಸಾಯುವ ತನಕ ಕೂಗು ಎಂದು ಅದಕ್ಕೆ ಕಲಿಸಿದವಳು ನಾನು ಎಂದೆ. ಆಕೆ ಅದನ್ನು ಸಮಾಧಾನದ ಮಾತೆಂದುಕೊಂಡಳು. ಅದು ಶುದ್ಧ ತಾಂತ್ರಿಕ ವಿವರಣೆಯಾಗಿತ್ತು.

ಮರುದಿನ ಆಫೀಸಿನ ನಮೂನೆಯಲ್ಲಿ ಕಾರಣ ಬರೆಯಬೇಕಿತ್ತು. ಬಳಸುವವರ ತಪ್ಪು ಎಂಬುದಕ್ಕೆ ಒಂದು ಚೌಕ, ಯಂತ್ರದ ತಪ್ಪು ಎಂಬುದಕ್ಕೆ ಇನ್ನೊಂದು. ಆ ಹಾಳೆಯ ಒಂದು ಪ್ರತಿ ಸೆಕ್ರೆಟರಿಗೆ ಹೋಗುತ್ತಿತ್ತು. ಮೊದಲ ಚೌಕಕ್ಕೆ ಗುರುತು ಹಾಕಿದರೆ ಕಂಪನಿಯ ಮಾನ ಉಳಿಯುತ್ತಿತ್ತು, ಆಕೆಯ ಕೋಣೆ ಹೋಗುತ್ತಿತ್ತು. ನಾನು ಎರಡನೆಯ ಚೌಕಕ್ಕೆ ಗುರುತು ಹಾಕಿ, ಉತ್ತರ ಬರದಿದ್ದಾಗ ಸುಮ್ಮನಾಗುವುದನ್ನು ಯಂತ್ರಕ್ಕೆ ಕಲಿಸಿರಲಿಲ್ಲ ಎಂದು ಬರೆದೆ. ಯಜಮಾನರು ಓದಿದರು.

"ಬೋಗಾಣಿ?"

"ಬರೆದಿಲ್ಲ ಸರ್."

ಅವರು ಸಹಿ ಹಾಕಿದರು.

ಪ್ರೋಗ್ರಾಂ ಬದಲಿಸಿದೆ. ಮೂರು ಸಲ ಕೂಗು, ಉತ್ತರ ಬರದಿದ್ದರೆ ಮಲಗು, ಮುಂದಿನ ಸಲ ನೋಡೋಣ. ಮೂರೇ ಸಾಲು, ನನ್ನ ವೃತ್ತಿಯಲ್ಲಿ ಅದಕ್ಕಿಂತ ಉಪಯೋಗವಾದ ಸಾಲು ನಾನು ಬರೆದಿಲ್ಲ. ಬೋಗಾಣಿಯ ಬದಲು ನಮ್ಮ ಮನೆಯ ಬಟ್ಟೆ ನೆನೆಸುವ ನೀಲಿ ಪ್ಲಾಸ್ಟಿಕ್ ಟಬ್ಬು ತಂದು ಬೋರಲು ಹಾಕಿ, ಅದೇ ಇಟ್ಟಿಗೆ ಇಟ್ಟೆ. ಪ್ಲಾಸ್ಟಿಕ್ಕಿನ ಮೂಲಕ ಮಾತು ಸಲೀಸಾಗಿ ಬರುತ್ತದೆ. ಟಬ್ಬು ಅಗತ್ಯವಿರಲಿಲ್ಲ, ಆದರೆ ಮುಚ್ಚದಿದ್ದರೆ ಆಕೆ ಮತ್ತೆ ಹತ್ತುತ್ತಾಳೆಂದು ಗೊತ್ತಿತ್ತು. ಸೆಕ್ರೆಟರಿಯವರ ಕೈಕಾಲು ಹಿಡಿದು ಮೂರು ತಿಂಗಳನ್ನು ಹೊಸದಾಗಿ ಎಣಿಸಲು ಒಪ್ಪಿಸಿದೆ. ತಪ್ಪು ನಿಮ್ಮದೆಂದು ನೀವೇ ಬರೆದುಕೊಟ್ಟಿದ್ದೀರಿ, ಇದು ನ್ಯಾಯ ಎಂದರು. ಕ್ಯಾಲೆಂಡರಿನಲ್ಲಿ ಸೊನ್ನೆ ಬೀಳಲಿಲ್ಲ. ಆಕೆ ಉಳಿದಳು. ಆಗ ಹಾಕಿದ ಸೆಲ್ಲುಗಳೇ ಒಂದು ವರ್ಷ ಬಾಳಿ, ಎರಡನೆಯ ವರ್ಷಕ್ಕೂ ಕಾಲಿಟ್ಟವು. ಅಪ್ಪ ಮಾತ್ರ, "ಬಿಸಲಿಗೆ ಇಟ್ಟೀರಲ, ಅದಕ್ಕs" ಎಂದರು.

ಎರಡನೆಯ ವರ್ಷ ಸೆಕ್ರೆಟರಿ ನನ್ನನ್ನು ಮನೆಗೆ ಕರೆಸಿ, ಕಾಫಿ ಕೊಟ್ಟು, ಡಬ್ಬಿಯನ್ನು ಹೊಗಳಿದರು. ಆಮೇಲೆ ಕೇಳಿದರು, "ನೀರು ಕಡಿಮೆಯಾದರೆ ಅದೇ ಮೋಟರ್ ಹಾಕುವಂತೆ ಮಾಡಬಹುದಲ್ಲ? ಆಗ ಕೆಳಗೆ ಒಬ್ಬರು ಇರಲೇಬೇಕು ಅಂತಿಲ್ಲ."

ಮಾಡಬಹುದಿತ್ತು. ಪ್ಲಗ್ಗಿಗೆ ಅಂಟಿಕೊಂಡಿದ್ದ ಕೆಳಗಿನ ಡಬ್ಬಿಗೆ ಒಂದು ಸ್ವಿಚ್ಚು ಸೇರಿಸಿದರೆ ಮುಗಿಯಿತು. ಅರ್ಧ ದಿನದ ಕೆಲಸ. ಮೇಲಿನ ಬ್ಯಾಟರಿಗೆ ಅದರ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಈ ಕೆಲಸದಲ್ಲಿ ಒಂದು ತಿಂಗಳು ಕಳೆದ ಯಾವ ಎಂಜಿನಿಯರಿಗೂ ಅಷ್ಟು ಗೊತ್ತಿರುತ್ತದೆ.

"ಬ್ಯಾಟರಿ ತಾಳುವುದಿಲ್ಲ ಸರ್" ಎಂದೆ. "ಹನ್ನೊಂದು ದಿನಕ್ಕೆ ಬಂದುಬಿಡುತ್ತದೆ."

ಹನ್ನೊಂದು ದಿನ ಎಂದ ಕೂಡಲೇ ಅವರು ಕಪ್ಪು ಕೆಳಗಿಟ್ಟು, ಬೇಡವೇ ಬೇಡ ಎಂದು ಎರಡೂ ಕೈ ಆಡಿಸಿದರು. ಆದರೂ ಅಸೋಸಿಯೇಷನ್ನಿನ ಕಡತಕ್ಕೆ ಒಂದು ಪತ್ರ ಬೇಕು ಎಂದರು. ಬರೆದು ಯಜಮಾನರ ಮುಂದಿಟ್ಟೆ. ಅವರು ಅದನ್ನು ಎರಡು ಸಲ ಓದಿದರು. ಅವರು ಯಾವುದನ್ನೂ ಎರಡು ಸಲ ಓದುವವರಲ್ಲ.

"ಕೆಳಗಿನ ಡಬ್ಬಿ ಬ್ಯಾಟರಿ ಮೇಲೆ ನಡೆಯುವುದಿಲ್ಲ" ಎಂದರು.

"ಹೌದು ಸರ್."

"ನಿನಗೆ ಗೊತ್ತಿರಲಿ ಅಂತ ಹೇಳಿದೆ" ಎಂದು ಸಹಿ ಮಾಡಿ ಕೊಟ್ಟರು.

ಪತ್ರ ಕೊಟ್ಟು ಹೊರಡುವಾಗ ವಾಚ್‌ಮನ್ನಮ್ಮ ಕೋಣೆಗೆ ಕರೆದು ಚಹಾ ಕೊಟ್ಟಳು. ಒಲೆಯ ಮೇಲೆ ಆ ಜರ್ಮನ್ ಬೋಗಾಣಿಯಲ್ಲಿ ಅನ್ನ ಕುದಿಯುತ್ತಿತ್ತು. ಗೋಡೆಯ ಪ್ಲಗ್ಗಿನಲ್ಲಿದ್ದ ನಮ್ಮ ಕೆಳಗಿನ ಡಬ್ಬಿ, ನೀರು ಕಾಲು ಭಾಗಕ್ಕೆ ಇಳಿದಿದೆ ಎಂದು ತೋರಿಸಿತು. ಆಕೆ ಎದ್ದು, ಮೊಣಕಾಲಿಗೊಂದು ಬೈಗುಳ ಬೈದು, ಎರಡು ಹೆಜ್ಜೆ ನಡೆದು ಮೋಟರಿನ ಸ್ವಿಚ್ಚು ಒತ್ತಿ ಬಂದು ಕೂತಳು.

"ನಿಮ್ಮ ಡಬ್ಬಿ ಭಾಳ ಶಾಣ್ಯಾ ಐತ್ರಿ ಅಕ್ಕಾರ" ಎಂದಳು, ಗೆಲುವಾಗಿ. "ಎಲ್ಲಾ ಹೇಳತೈತಿ. ಆದ್ರ ಮೋಟರ್ ಹಾಕಾಕ ಒಬ್ಬರು ಬೇಕs ಬೇಕು ನೋಡ್ರಿ."

"ಹೌದ್ರಿ" ಎಂದೆ. "ಅದೊಂದು ನಮಗ ಮಾಡಾಕ ಆಗಲಿಲ್ಲ."